ಬಿಗಿದುಕೊಂಡ ಪೈಪು

ಧೂಮಪಾನದ ಹಿರಿಮೆಯನ್ನು ಹಾಡುವುದು ಈ ಮಾತಿನ ಉದ್ದೇಶವಲ್ಲ. ನಾನು ಹೊಗೆಸೊಪ್ಪನ್ನು ಮುಟ್ಟಿದವನೇ ಅಲ್ಲ. ಆದರೆ ನನ್ನ ಮಾವನವರು ತೀರಿಕೊಂಡ ಮೇಲೆ ಅವರ ಎರಡು ಪೈಪುಗಳು ನಮ್ಮ ಮನೆಗೆ ಬಂದವು. ಒಂದು ಮಳೆಗಾಲದಲ್ಲಿ ಮೊದಲನೆಯದನ್ನು ಬಿಚ್ಚಿ ಒರೆಸಹೋದೆ. ಬಾಯಿಗಿಡುವ ಕೊಳವೆ ಅಲುಗಲಿಲ್ಲ. ಬಟ್ಟಲನ್ನು ಹಿಡಿದು ಬಲವಾಗಿ ತಿರುಚಿದೆ. ಮರದ ಕುತ್ತಿಗೆ ಸೀಳಿತು. ನನ್ನ ಪತ್ನಿ ಏನನ್ನೂ ಹೇಳಲಿಲ್ಲ. ಆ ಮೌನವೇ ನನಗೆ ಪಾಠವಾಯಿತು.

ಪೈಪಿನ ಬಟ್ಟಲೂ ಕುತ್ತಿಗೆಯೂ ಸಾಮಾನ್ಯವಾಗಿ ಬ್ರಯರ್ ಮರದವು. ಮೆಡಿಟರೇನಿಯನ್ ಸುತ್ತಣ ನಾಡುಗಳಲ್ಲಿ ಬೆಳೆಯುವ ಪೊದೆಯೊಂದರ ಬುಡದ ಗಂಟಿನಿಂದ ಕೊರೆದವು. ಕೊಳವೆ ಹಲವು ಪೈಪುಗಳಲ್ಲಿ ಎಬೊನೈಟಿನದು. ಎಂದರೆ, ಗಂಧಕ ಬೆರೆಸಿ ಕಾಯಿಸಿ ಗಟ್ಟಿಗೊಳಿಸಿದ ರಬ್ಬರಿನದು. ಅದರ ತುದಿಯ ಗೂಟ ಕುತ್ತಿಗೆಯ ರಂಧ್ರದಲ್ಲಿ ಕೂರುತ್ತದೆ. ಮಳೆಗಾಲದಲ್ಲಿ ನಮ್ಮ ಬಾಗಿಲು ಚೌಕಟ್ಟನ್ನು ಕಚ್ಚಿಕೊಳ್ಳುವಂತೆಯೇ, ತೇವ ಹೀರಿದ ಮರ ಉಬ್ಬಿ ಗೂಟವನ್ನು ಬಿಗಿಹಿಡಿಯುತ್ತದೆ. ಹಳೆಯ ಹೊಗೆಯ ಜಿಡ್ಡು ಅದಕ್ಕೆ ಅಂಟಾಗುತ್ತದೆ.

ಆದ್ದರಿಂದ ಎರಡನೆಯ ಪೈಪನ್ನು ಬಿಸಿಲು ತಾಗದ ಒಣ ಕಪಾಟಿನಲ್ಲಿ ಕೆಲವು ವಾರ ಇರಿಸಿದೆ. ಬಳಿಕ ಚೀಲದಲ್ಲಿ ಸುತ್ತಿ ಅರ್ಧ ಗಂಟೆ ಶೀತಕಪೆಟ್ಟಿಗೆಯಲ್ಲಿಟ್ಟೆ. ತಂಪಿಗೆ ಎಬೊನೈಟು ಮರಕ್ಕಿಂತ ಹೆಚ್ಚು ಕುಗ್ಗುತ್ತದೆ. ಈ ಸಲ ಬಟ್ಟಲನ್ನಲ್ಲ, ಕುತ್ತಿಗೆಯನ್ನೇ ಹಿಡಿದು, ಬಗ್ಗಿಸದೆ, ಒಂದೇ ದಿಕ್ಕಿಗೆ ಮೆಲ್ಲನೆ ತಿರುಗಿಸಿದೆ. ಕೊಳವೆ ಕೈಗೆ ಬಂತು.

ರಂಧ್ರದ ಜಿಡ್ಡನ್ನು ಸ್ಪಿರಿಟಿನಲ್ಲಿ ಅದ್ದಿದ ಹತ್ತಿಯಿಂದ ತೆಗೆದೆ. ಅನಂತರ ಮೆದುವಾದ ಸೀಸದ ಕಡ್ಡಿಯಿಂದ ಗೂಟದ ಸುತ್ತ ಗೀಚಿದೆ. ಸೀಸದ ಕಡ್ಡಿ ಎಂಬುದು ಹೆಸರಿಗಷ್ಟೇ. ಅದರೊಳಗಿರುವುದು ಜೇಡಿಮಣ್ಣು ಬೆರೆಸಿದ ಗ್ರಾಫೈಟು, ಪದರ ಪದರವಾಗಿ ಜಾರುವ ಇಂಗಾಲ. ಎಣ್ಣೆ ಬೇಕಾಗಲಿಲ್ಲ.

ಉಜ್ಜುಕಾಗದವನ್ನು ಬಳಸಬಾರದೆ ಎಂದು ಕೇಳುಗರು ಕೇಳಬಹುದು. ಬಳಸಬಹುದು, ಆದರೆ ಕಟ್ಟಕಡೆಗೆ, ಅತಿ ನಯವಾದುದನ್ನು, ಒಂದೆರಡು ಸುತ್ತು ಮಾತ್ರ. ಮರ ಉಬ್ಬಿರುವಾಗ ಗೂಟವನ್ನು ಸವೆಸಿದರೆ ಬೇಸಗೆಯಲ್ಲಿ ಅದು ಸಡಿಲವಾಗಿ ಕಳಚಿಬೀಳುತ್ತದೆ. ಮರದ ಉಬ್ಬು ಇಳಿದೀತು. ಸವೆದದ್ದು ಮರಳಿ ಬೆಳೆಯದು. ಪೈಪು ಸೇದುವವರಿಗೂ ಇದೇ ಕಾರಣದಿಂದ ಒಂದು ಮಾತು: ಬಿಸಿಯಾಗಿರುವಾಗ ಅದನ್ನು ಬಿಚ್ಚಬೇಡಿ, ಪೂರ್ತಿ ಆರಲಿ.

ಎರಡು ಪೈಪುಗಳೂ ಈಗ ಒಂದೇ ಪೆಟ್ಟಿಗೆಯಲ್ಲಿವೆ. ಸೀಳಿದ್ದನ್ನು ಎಸೆಯೋಣವೆಂದೆ. "ಬೇಡಿ, ಅದೂ ಅಪ್ಪನದೇ" ಎಂದರು ನನ್ನ ಪತ್ನಿ.