ಗರ್ಭದಲ್ಲಿನ ಗ್ರಾಹಕಗಳು ಮತ್ತು ಒಂದು ಷರಾ

1990ರ ದಶಕದ ಆರಂಭದ ಮಾತು. ಸರ್ಕಾರದ ಇಲಾಖೆಯೊಂದರಲ್ಲಿ ನಾನು ಅನುದಾನದ ಕಡತಗಳನ್ನು ಪರಿಶೀಲಿಸುತ್ತಿದ್ದೆ. ಕೋಳಿಯ ಭ್ರೂಣದಲ್ಲಿ ನರಪ್ರೇಷಕಗಳ ‘ಗ್ರಾಹಕ’ಗಳು ಎಲ್ಲೆಲ್ಲಿವೆ ಎಂದು ಗುರುತಿಸಲು ಹಾವಿನ ವಿಷದ ಅಂಶವೊಂದನ್ನು ಆಮದು ಮಾಡಿಕೊಳ್ಳಬೇಕೆಂಬ ಪ್ರಸ್ತಾವ ಬಂದಿತು. ಅರ್ಥಶಾಸ್ತ್ರ ಓದಿದ್ದ ನನಗೆ ಗ್ರಾಹಕನೆಂದರೆ ಕೊಳ್ಳುವವನು, ಅಷ್ಟೆ. ವಿದೇಶಿ ವಿನಿಮಯಕ್ಕೆ ಬರಗಾಲವಿದ್ದ ದಿನಗಳು. ‘ಸಾರ್ವಜನಿಕ ಪ್ರಯೋಜನ ಕಾಣದು’ ಎಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿದೆ.

ನಿವೃತ್ತಿಯ ಬಿಡುವಿನಲ್ಲಿ ಈ ವಿಷಯ ಓದಿದಾಗ ನನ್ನ ಅಜ್ಞಾನದ ಅಳತೆ ತಿಳಿಯಿತು. ನರದ ಸಂದೇಶವನ್ನು ಸ್ವೀಕರಿಸುವ ವಸ್ತುವೊಂದು ಜೀವಕೋಶದಲ್ಲಿರಬೇಕೆಂದು ಕೇಂಬ್ರಿಜ್‌ನ ಲ್ಯಾಂಗ್ಲೆ 1905ರಲ್ಲೇ ಊಹಿಸಿದ್ದರು. ಅವರಿಗೆ ಸುಳಿವು ಕೊಟ್ಟದ್ದು ಹೊಗೆಸೊಪ್ಪಿನ ನಿಕೋಟಿನ್. 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಕಟ್ಟುಹಾವಿನ ವಿಷದಿಂದ ಬಂಗಾರೊಟಾಕ್ಸಿನ್ ಬೇರ್ಪಡಿಸಿದರು. ಅದು ಈ ಗ್ರಾಹಕವನ್ನು ಹಿಡಿದರೆ ಸುಲಭಕ್ಕೆ ಬಿಡದು. ಅದಕ್ಕೆ ವಿಕಿರಣಶೀಲ ಅಯೋಡಿನ್ ಜೋಡಿಸಿ ಅಂಗಾಂಶದ ತೆಳು ಪದರಕ್ಕೆ ಲೇಪಿಸಿದರೆ, ಗ್ರಾಹಕವಿರುವ ಕಡೆಯೆಲ್ಲ ಫಿಲ್ಮಿನ ಮೇಲೆ ಕಪ್ಪು ಚುಕ್ಕೆ ಮೂಡುತ್ತದೆ.

ಹೀಗೆ ಕಂಡ ಸಂಗತಿ ಸೋಜಿಗದ್ದು. ಭ್ರೂಣದ ಸ್ನಾಯುವಿಗೆ ನರ ಬಂದು ಮುಟ್ಟುವ ಮೊದಲೇ ಅದರ ಮೈಯೆಲ್ಲ ಗ್ರಾಹಕಗಳು ಹರಡಿಕೊಂಡಿರುತ್ತವೆ. ನರ ತಲುಪಿದ ಮೇಲೆ ಅದರ ತುದಿಯ ಬಳಿ ಗುಂಪುಗೂಡುತ್ತವೆ. ಸರಕು ಬರುವ ಮುನ್ನವೇ ಸಂತೆ ನೆರೆದಂತೆ! ಮಾನವ ಭ್ರೂಣದ ಮಿದುಳಿನಲ್ಲೂ ಮೊದಲ ಮೂರು ತಿಂಗಳೊಳಗೇ ನಿಕೋಟಿನ್ ಗ್ರಾಹಕಗಳು ಪತ್ತೆಯಾಗಿವೆ. ಮಿದುಳು ರೂಪುಗೊಳ್ಳಲು ಅವು ನೆರವಾಗುತ್ತವೆ. ತಾಯಿಯ ರಕ್ತದಲ್ಲಿನ ನಿಕೋಟಿನ್ ಮಾಸುಚೀಲವನ್ನು ದಾಟಿ, ಅಸಲಿ ಸಂದೇಶಕ್ಕೆಂದು ಕಾದಿರುವ ಅದೇ ಬಾಗಿಲುಗಳನ್ನು ತಟ್ಟುತ್ತದೆ.

ಇದು ಪ್ರಯೋಗಾಲಯದ ಮಾತಾಗಿಯೇ ಉಳಿಯಲಿಲ್ಲ. ನಮ್ಮ ಮನೆಗೆಲಸಕ್ಕೆ ಬರುತ್ತಿದ್ದಾಕೆ ಐದು ತಿಂಗಳ ಬಸುರಿ. ಒಂದು ದಿನ ಎಲೆ ಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುವುದನ್ನು ಕಂಡು ವಿಚಾರಿಸಿದೆ. ‘ಆಸ್ಪತ್ರೇಲಿ ಬೀಡಿ ಸೇದ್ತೀಯಾ ಅಂತ ಕೇಳಿದ್ರು ಸಾರ್, ಇಲ್ಲ ಅಂದೆ. ಇದನ್ನ ಯಾರೂ ಕೇಳ್ಲೇ ಇಲ್ಲ’ ಎಂದಳು. ಅವಳು ಸುಳ್ಳು ಹೇಳಿರಲಿಲ್ಲ, ಪ್ರಶ್ನೆಯೇ ಅಪೂರ್ಣವಾಗಿತ್ತು. ಜಗಿಯುವ ತಂಬಾಕಿನಿಂದ ಶಿಶುವಿನ ತೂಕ ಕುಗ್ಗುವುದನ್ನು, ಅವಧಿಗೆ ಮುನ್ನ ಹೆರಿಗೆಯಾಗುವುದನ್ನು ಮುಂಬಯಿಯ ಅಧ್ಯಯನವೊಂದು 2004ರಲ್ಲೇ ತೋರಿಸಿದೆ. ಪ್ರತಿಯೊಬ್ಬ ಗರ್ಭಿಣಿಯನ್ನೂ ಆದಷ್ಟು ಬೇಗ ತಂಬಾಕಿನ ಬಗ್ಗೆ ಕೇಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಹೇಳಿತು. ಕರ್ನಾಟಕ ಗುಟ್ಕಾ ನಿಷೇಧಿಸಿದ್ದೂ ಅದೇ ವರ್ಷ.

ನನ್ನ ಸಲಹೆ ಚಿಕ್ಕದು. ತಾಯಿ ಕಾರ್ಡ್ ತುಂಬುವ ಮೊದಲ ದಿನವೇ ‘ಸೇದುತ್ತೀರಾ’ ಎಂಬುದರ ಜೊತೆಗೆ ‘ಜಗಿಯುತ್ತೀರಾ, ಹಲ್ಲಿಗೆ ಹಚ್ಚುತ್ತೀರಾ’ ಎಂದೂ ತಪ್ಪದೆ ಕೇಳಬೇಕು. ಗದರದೆ, ಬಿಡುವ ದಾರಿಯನ್ನೂ ಹೇಳಬೇಕು. ಇದಕ್ಕೆ ಹೊಸ ಬಜೆಟ್ ಬೇಡ.

ಆ ಕಡತ ಈಗ ಎಲ್ಲಿದೆಯೋ! ಮತ್ತೆ ಕೈಗೆ ಸಿಕ್ಕರೆ ನನ್ನ ಷರಾವನ್ನು ಹೊಡೆದುಹಾಕಿ, ಕೆಳಗೆ ‘ಮಂಜೂರು ಮಾಡಬಹುದು’ ಎಂದು ಬರೆಯುತ್ತಿದ್ದೆ.