ಮೊಬೈಲು ಹೋದರೂ ಫೋಟೋ ಉಳಿಯಲಿ

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯವರೆಲ್ಲ ಹೋಗಿ ಫೋಟೋ ತೆಗೆದಿದ್ದೇ ತೆಗೆದದ್ದು. ಆ ಫೋಟೋ ಈಗ ಎಷ್ಟು ಜನರ ಹತ್ರ ಐತೆ? ಮೊಬೈಲು ಕೆಟ್ಟವರದು ಅದರ ಜೊತೆಗೇ ಹೋಯಿತು.

ಕೋಡಿಯ ಫೋಟೋ ಹೋದರೆ ಬೇಜಾರು ಅಷ್ಟೆ. ಬೆಳೆಯ ಫೋಟೋ ಹೋದರೆ ನಷ್ಟ. ಫಸಲ್ ಬಿಮಾ ಕಟ್ಟಿದವರು ಆಲಿಕಲ್ಲಿನಿಂದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಆಮೇಲೆ ತಕರಾರು ಬಂದರೆ, ಆವತ್ತಿನ ಫೋಟೋ ನಮ್ಮ ಹತ್ರ ಇದ್ದರೆ ಮಾತಿಗೆ ಬಲ.

ಇದಕ್ಕೆ ‘ಕ್ಲೌಡ್’ ಅನ್ನುವ ಅನುಕೂಲ ಐತೆ. ಹೆಸರು ಮೋಡ, ಆದರೆ ಆಕಾಶದಾಗೆ ಏನೂ ಇಲ್ಲ. ಕಂಪನಿಯವರ ದೊಡ್ಡ ಕಂಪ್ಯೂಟರುಗಳಲ್ಲಿ ನಮಗೆ ಕೊಟ್ಟಿರುವ ಜಾಗ ಅದು. ನಾವು ತೆಗೆದ ಫೋಟೋ ಇಂಟರ್ನೆಟ್ ಮೂಲಕ ತಾನಾಗೇ ಅಲ್ಲಿಗೆ ಹೋಗಿ ಕೂರುತ್ತದೆ. ಬೇರೆ ಮೊಬೈಲಿಗೆ ಅದೇ ಜಿಮೇಲ್ ಹಾಕಿದರೆ ಅಲ್ಲೂ ಕಾಣುತ್ತದೆ.

ಹೆಚ್ಚಿನ ಆಂಡ್ರಾಯ್ಡ್ ಮೊಬೈಲುಗಳಲ್ಲಿ ಗೂಗಲ್ ಫೋಟೋಸ್ ಮೊದಲೇ ಇರುತ್ತದೆ. ಅದನ್ನು ತೆರೆದು, ಮೇಲೆ ಬಲಗಡೆಯ ಗುಂಡನೆ ಗುರುತು ಒತ್ತಿ. ಸೆಟ್ಟಿಂಗ್ಸ್‌ನಲ್ಲಿ ‘ಬ್ಯಾಕಪ್’ ಆನ್ ಮಾಡಿ. ಇಷ್ಟಕ್ಕೇ ಬಿಟ್ಟರೆ ಹಳ್ಳಿಯಲ್ಲಿ ಕೆಲಸ ಆಗದೇ ಹೋಗಬಹುದು. ಯಾಕಂದ್ರೆ ಅದು ವೈಫೈಗೆ ಕಾಯುತ್ತಾ ಕೂರುತ್ತದೆ. ಅಲ್ಲೇ ‘ಮೊಬೈಲ್ ಡೇಟಾ’ಕ್ಕೂ ಅನುಮತಿ ಕೊಡಿ. ದಿನಕ್ಕೆ ಇಷ್ಟೇ ಡೇಟಾ ಅಂತ ಮಿತಿ ಹಾಕಲೂಬಹುದು.

ಪುಕ್ಕಟೆ ಸಿಗುವುದು 15 ಜಿಬಿ. ಜಿಮೇಲಿನ ಪತ್ರಗಳೂ ಇದರೊಳಗೇ. 2021ರ ಜೂನ್‌ವರೆಗೆ ಕಡಿಮೆ ಗಾತ್ರದ ಫೋಟೋಗಳಿಗೆ ಲೆಕ್ಕ ಇರಲಿಲ್ಲ, ಈಗ ಐತೆ. ಜಾಗ ತುಂಬಿದರೆ ಹೊಸ ಫೋಟೋ ಹೋಗುವುದು ನಿಲ್ಲುತ್ತದೆ. ಬೇಗ ತುಂಬಿಸುವುದು ವಿಡಿಯೋ. ಬೇಡದ್ದನ್ನು ಆಗಾಗ ತೆಗೆಯಿರಿ.

ತೆಗೆಯುವಾಗ ಮಾತ್ರ ಹುಷಾರು. ಬೀಜದ ಶೇಂಗಾವನ್ನು ಎರಡು ಮನೆಯಲ್ಲಿ ಇಟ್ಟರೆ, ಒಂದು ಕಡೆ ಹುಳ ಬಿದ್ದರೂ ಇನ್ನೊಂದು ಕಡೆ ಉಳಿಯುತ್ತದೆ. ಇದು ಹಾಗಲ್ಲ. ಈ ಆಪ್‌ನಲ್ಲಿ ಒಂದು ಫೋಟೋ ಅಳಿಸಿದರೆ ಮೊಬೈಲು, ಕ್ಲೌಡ್ ಎರಡರಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟರೊಳಗೆ ವಾಪಸ್ ತರಬಹುದು. ಮೊಬೈಲಿನಲ್ಲಷ್ಟೇ ಜಾಗ ಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಒತ್ತಿ. ಆಗ ಕ್ಲೌಡಿನ ಪ್ರತಿ ಉಳಿಯುತ್ತದೆ. ಬಿಮೆಗೆ ಬೇಕಾದ ಫೋಟೋಗಳ ಇನ್ನೊಂದು ಪ್ರತಿಯನ್ನು ನಾನು ಪೆನ್‌ಡ್ರೈವ್‌ನಲ್ಲೂ ಇಡುತ್ತೇನೆ.

ಕ್ಯಾಮೆರಾದಲ್ಲಿ ‘ಲೊಕೇಶನ್’ ಆನ್ ಇದ್ದರೆ ಫೋಟೋದ ಜೊತೆ ಜಾಗದ ಗುರುತೂ ಸೇರುತ್ತದೆ. ಅದೇ ಫೋಟೋವನ್ನು ವಾಟ್ಸಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಆ ಗುರುತು ಅಳಿಸಿಹೋಗುತ್ತದೆ. ಆದ್ದರಿಂದ ಮೂಲ ಫೋಟೋ ಕಾಪಾಡಿ.

ಜಿಮೇಲ್ ವಿಳಾಸ, ಪಾಸ್‌ವರ್ಡ್ ಎರಡನ್ನೂ ಬರೆದು ಮನೆಯ ಪೆಟ್ಟಿಗೆಯಲ್ಲಿಡಿ. ಅವಿಲ್ಲದಿದ್ದರೆ ಹೊಸ ಮೊಬೈಲಿಗೆ ಫೋಟೋ ತರುವುದು ಕಷ್ಟ. ಬೇರೆಯವರ ಕಂಪ್ಯೂಟರಿನಲ್ಲಿ ತೆರೆದರೆ ಲಾಗೌಟ್ ಮಾಡಿಯೇ ಏಳಿ. ಒಟಿಪಿ ಯಾರು ಕೇಳಿದರೂ ಹೇಳಬೇಡಿ.

ಇವತ್ತೇ ಹೊಲದ ಒಂದು ಫೋಟೋ ತೆಗೆದು, ಮನೆಯ ಇನ್ನೊಂದು ಮೊಬೈಲಿಗೆ ನಿಮ್ಮ ಜಿಮೇಲ್ ಹಾಕಿ ನೋಡಿ. ಅಲ್ಲಿ ಕಂಡರೆ ಕೆಲಸ ಸರಿಯಾಗೈತೆ ಅಂತ ಅರ್ಥ.