ಕಾಲೇಜು ಗೇಟಿನಿಂದ ನೂರು ಮೀಟರ್

ಕರ್ನಾಟಕದ ಯಾವುದಾದರೂ ಪದವಿ ಕಾಲೇಜಿನ ಎದುರು ಬೆಳಗಿನ ಹನ್ನೊಂದು ಗಂಟೆಯ ಬಿಡುವಿನಲ್ಲಿ ನಿಂತು ನೋಡಿ. ಸಂಸ್ಥೆಯ ಸುತ್ತಮುತ್ತ ತಂಬಾಕು ಮಾರಾಟ ನಿಷೇಧಿಸಲಾಗಿದೆ ಎಂಬ ಫಲಕ ಗೇಟಿನ ಪಕ್ಕದ ಗೋಡೆಯ ಮೇಲೆ ಬಿಸಿಲಿಗೆ ಮಾಸಿರುತ್ತದೆ. ರಸ್ತೆ ದಾಟಿದರೆ ಗೂಡಂಗಡಿ. ಡಬ್ಬಿಗಳಲ್ಲಿ ಚಿಕ್ಕಿ, ಬನ್ನು; ಮೇಲೆ ಪಾನ್ ಮಸಾಲೆ ಪೊಟ್ಟಣಗಳ ಸರ; ಕಂಬಕ್ಕೆ ದಾರದಲ್ಲಿ ಕಟ್ಟಿದ ಲೈಟರ್. ಹುಡುಗರು ಟೀ ಹೇಳುತ್ತಾರೆ, ಜೊತೆಗೆ ‘ಒಂದು ಕಿಂಗ್’ ಎನ್ನುತ್ತಾರೆ. ಅಂಗಡಿಯವರು ಪ್ಯಾಕಿನಿಂದ ಒಂದೇ ಒಂದು ಸಿಗರೇಟು ತೆಗೆದು ಕೊಡುತ್ತಾರೆ. ವಯಸ್ಸು ಕೇಳುವುದಿಲ್ಲ.

ಈ ಅರ್ಧ ನಿಮಿಷದಲ್ಲಿ ಕಾನೂನು ಮೂರು ಸಲ ಮುರಿದಿದೆ. ಶಿಕ್ಷಣ ಸಂಸ್ಥೆಯ ನೂರು ಮೀಟರಿನೊಳಗೆ ತಂಬಾಕು ಮಾರುವಂತಿಲ್ಲ. ಸಿಗರೇಟನ್ನು ಬಿಡಿಯಾಗಿ ಮಾರುವಂತಿಲ್ಲ. 21 ವರ್ಷ ತುಂಬದವರಿಗೆ ಮಾರುವಂತಿಲ್ಲ. ಈ ಮೂರನ್ನೂ ಒಟ್ಟಿಗೆ ಹೇಳುವ ಕಾನೂನು ಕರ್ನಾಟಕದಲ್ಲಿದೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಗೆ (ಅಧಿಕಾರಿಗಳ ಬಾಯಲ್ಲಿ ಅದು ‘ಕೋಟ್ಪಾ’) ನಮ್ಮ ವಿಧಾನಮಂಡಲ 2024ರಲ್ಲಿ ತಿದ್ದುಪಡಿ ತಂದಿತು. ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ, 2025ರ ಮೇ ಕೊನೆಯಲ್ಲಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಯಿತು. ಹುಕ್ಕಾ ಬಾರ್ ನಡೆಸಿದರೆ ಜೈಲು, ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿ ಇದ್ದ ದಂಡ 1000ಕ್ಕೆ ಏರಿಕೆ, ತಂಬಾಕು ಉಗುಳುವುದಕ್ಕೂ ತಡೆ. ಪತ್ರಿಕೆಗಳಲ್ಲಿ ಹುಕ್ಕಾ ಮತ್ತು ದಂಡದ ಸುದ್ದಿಯೇ ದೊಡ್ಡದಾಯಿತು. ವಯಸ್ಸಿನ ಮಾತು ಮೂಲೆಗೆ ಸೇರಿತು.

ಆ ತಿದ್ದುಪಡಿಯ ಜೀವ ಇರುವುದು ವಯಸ್ಸಿನಲ್ಲೇ ಎಂದು ನನಗನ್ನಿಸುತ್ತದೆ. ಖರೀದಿಯ ವಯಸ್ಸು 18ರಿಂದ 21ಕ್ಕೆ ಏರಿದ್ದರ ಅರ್ಥವೇನು? ಪಿಯುಸಿ ಮುಗಿಸಿದ ಹುಡುಗ ಅಥವಾ ಹುಡುಗಿ 18ರ ಆಸುಪಾಸಿನಲ್ಲಿ ಬಿಎ, ಬಿಕಾಂ, ಬಿಎಸ್ಸಿ ಸೇರುತ್ತಾರೆ, 21ರ ಹೊತ್ತಿಗೆ ಮುಗಿಸುತ್ತಾರೆ. ಅಂದರೆ ಪದವಿಯ ಆ ಮೂರು ವರ್ಷಗಳನ್ನೇ ಕಾನೂನು ಎತ್ತಿ ಕಾಪಾಡಲು ಹೊರಟಿದೆ. ಇದುವರೆಗೆ ‘ಮಕ್ಕಳಿಗೆ ಮಾರಬೇಡಿ’ ಎಂಬ ಮಾತು ಹೈಸ್ಕೂಲಿಗೆ, ಹೆಚ್ಚೆಂದರೆ ಪಿಯುಸಿಗೆ ಅನ್ವಯಿಸುತ್ತಿತ್ತು. ಈಗ ರಾಜ್ಯದ ಪದವಿ ತರಗತಿಗಳಲ್ಲಿ ಕೂತಿರುವ ಬಹುಪಾಲು ವಿದ್ಯಾರ್ಥಿಗಳಿಗೆ ಒಂದು ಸಿಗರೇಟು ಮಾರಿದರೂ ಅಪರಾಧ. ಇಷ್ಟು ದೊಡ್ಡ ಬದಲಾವಣೆ ಆಗಿದ್ದರೂ ಕಾಲೇಜುಗಳ ನೋಟಿಸ್ ಬೋರ್ಡುಗಳಲ್ಲಿ ಅದರ ಸುಳಿವು ಕಾಣುವುದು ಅಪರೂಪ.

ಮೂರು ವರ್ಷ ಮುಂದೂಡಿದರೆ ಏನು ಮಹಾ ಲಾಭ ಎಂದು ಕೇಳುವವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ನೀಡಮ್ ಎಂಬ ಸಣ್ಣ ಊರು 2005ರಲ್ಲೇ ಖರೀದಿಯ ವಯಸ್ಸನ್ನು 21ಕ್ಕೆ ಏರಿಸಿತು. ಸುತ್ತಲಿನ ಊರುಗಳಲ್ಲಿ ಆಗಿನ್ನೂ 18ಕ್ಕೇ ಸಿಗುತ್ತಿತ್ತು. ಬೇಕಿದ್ದವರು ಪಕ್ಕದೂರಿಗೆ ಹೋಗಿ ತರಬಹುದಿತ್ತು. ಆದರೂ 2006ರಿಂದ 2010ರ ನಡುವೆ ಅಲ್ಲಿನ ಹೈಸ್ಕೂಲು ಮಕ್ಕಳಲ್ಲಿ ಸೇದುವವರ ಪ್ರಮಾಣ ಶೇ 13ರಿಂದ ಶೇ 7ಕ್ಕೆ ಇಳಿಯಿತು. ಹೈಸ್ಕೂಲಿನವರಿಗೆ ಸಿಗರೇಟು ತಂದುಕೊಡುವವರು ಹೆಚ್ಚಾಗಿ ಅವರಿಗಿಂತ ಎರಡು ಮೂರು ವರ್ಷ ದೊಡ್ಡವರಾದ ಗೆಳೆಯರು. ಆ ಗೆಳೆಯರಿಗೇ ಸಿಗದಂತಾದಾಗ ಕೆಳಗಿನವರಿಗೂ ಸಿಗಲಿಲ್ಲ. ನಮ್ಮಲ್ಲಿ ಪದವಿಪೂರ್ವ ಮತ್ತು ಪದವಿ ಕಾಲೇಜು ಒಂದೇ ಕಾಂಪೌಂಡಿನೊಳಗೆ ಇರುವುದು ಸಾಮಾನ್ಯ. ಸೀನಿಯರ್ ಕೈಯಿಂದ ಜೂನಿಯರ್ ಕೈಗೆ ಸಿಗರೇಟು ದಾಟುವ ದಾರಿ ಇಲ್ಲಿ ಇನ್ನೂ ಹತ್ತಿರ.

ದೇಹದ ಕಡೆಯಿಂದಲೂ ಆ ವಯಸ್ಸು ಮುಖ್ಯ. ಹೊಗೆ ಎಳೆದ ಕೆಲವೇ ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳು ತಲುಪುತ್ತದೆ. ಮುಂದಾಲೋಚನೆಗೆ, ಹಂಬಲವನ್ನು ಹಿಡಿತದಲ್ಲಿಡುವುದಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು ಸುಮಾರು 25ರ ಹೊತ್ತಿಗೆ. ಅದಕ್ಕೂ ಮೊದಲೇ ಹತ್ತಿದ ಚಟ ಬಿಡಿಸಿಕೊಳ್ಳುವುದು ಹೆಚ್ಚು ಕಷ್ಟ. ಇಂಟರ್ನಲ್ಸ್ ವಾರದಲ್ಲಿ ಟೆನ್ಷನ್ ತಡೆಯಲು ಶುರುವಾಗುವ ಒಂದು ದಮ್ಮು ಕ್ಯಾಂಪಸ್ ಸಂದರ್ಶನದ ಹೊತ್ತಿಗೆ ದಿನಕ್ಕೆ ಎಂಟು ಹತ್ತು ಆಗುವುದನ್ನು ಹಾಸ್ಟೆಲಿನಲ್ಲಿ ಇದ್ದವರೆಲ್ಲ ಕಂಡಿದ್ದಾರೆ.

ಬಿಡಿ ಸಿಗರೇಟಿನ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕ ಬಿಡಿ ಮಾರಾಟವನ್ನು 2017ರಲ್ಲೇ ಆದೇಶ ಹೊರಡಿಸಿ ನಿಷೇಧಿಸಿತ್ತು. ಈಗಿನ ತಿದ್ದುಪಡಿ ಅದನ್ನು ಕಾಯ್ದೆಯೊಳಗೆ ಸೇರಿಸಿದೆ. ಕಾರಣ ಸರಳ. ಇಡೀ ಪ್ಯಾಕ್ ಕೊಳ್ಳುವಷ್ಟು ಹಣ ವಿದ್ಯಾರ್ಥಿಯ ಜೇಬಿನಲ್ಲಿ ಇರುವುದಿಲ್ಲ, ಒಂದು ಸಿಗರೇಟಿಗೆ ಇರುತ್ತದೆ. ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. 2016ರ ಏಪ್ರಿಲ್‌ನಿಂದ ಪ್ಯಾಕಿನ ಶೇ 85ರಷ್ಟು ಭಾಗದಲ್ಲಿ ಚಿತ್ರ ಸಹಿತ ಎಚ್ಚರಿಕೆ ಇರಬೇಕು. ಆ ನಿಯಮವನ್ನು 2017ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟೇ ರದ್ದು ಮಾಡಿದಾಗ, ಕೆಲವೇ ವಾರಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟು ಎಚ್ಚರಿಕೆಯನ್ನು ಉಳಿಸಿತು. 2018ರ ಸೆಪ್ಟೆಂಬರಿನಿಂದ ಚಟ ಬಿಡಲು ನೆರವಾಗುವ ಉಚಿತ ಸಹಾಯವಾಣಿಯ ನಂಬರು ಕೂಡ ಪ್ಯಾಕಿನ ಮೇಲೆ ಬಂತು. ಬಿಡಿ ಸಿಗರೇಟು ಕೊಳ್ಳುವ ಹುಡುಗನ ಕೈಗೆ ಈ ಪ್ಯಾಕು ಬರುವುದೇ ಇಲ್ಲ. ಇಷ್ಟೆಲ್ಲ ಕೋರ್ಟು ಕಚೇರಿ ಹತ್ತಿ ಉಳಿಸಿಕೊಂಡ ಚಿತ್ರವೂ, ನಂಬರೂ ಅಂಗಡಿಯವರ ಗಲ್ಲಾದ ಪಕ್ಕದಲ್ಲೇ ಉಳಿದುಬಿಡುತ್ತವೆ.

ಕಾಂಪೌಂಡಿನ ಒಳಗಿನ ಕಥೆ ಬೇರೆ. ಶಿಕ್ಷಣ ಸಂಸ್ಥೆಗಳಲ್ಲಿ ಸೇದಬಾರದು ಎಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ, ಮುರಳಿ ದೇವ್ರಾ ಹೂಡಿದ್ದ ಮೊಕದ್ದಮೆಯಲ್ಲಿ ಆದೇಶಿಸಿತ್ತು. 2003ರ ಕಾಯ್ದೆಯೂ ಶಿಕ್ಷಣ ಸಂಸ್ಥೆಗಳನ್ನು ಹೆಸರಿಸಿ ಸಾರ್ವಜನಿಕ ಸ್ಥಳಗಳ ಪಟ್ಟಿಗೆ ಸೇರಿಸಿತು. ಮೂಲ ಕಾಯ್ದೆಯಲ್ಲಿ ‘ತೆರೆದ ಜಾಗ’ಕ್ಕೆ ವಿನಾಯಿತಿ ಇತ್ತು. ಬಯಲು ರಂಗಮಂದಿರ, ಕ್ರೀಡಾಂಗಣ, ಬಸ್ ನಿಲ್ದಾಣದಂಥ ಜನ ಸೇರುವ ಜಾಗಗಳಿಗೆ ಆ ವಿನಾಯಿತಿ ಇಲ್ಲ ಎಂದು 2008ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ನಿಯಮಗಳು ಬಿಗಿ ಮಾಡಿದವು. ಕೆಲವು ಖಾಸಗಿ ಕ್ಯಾಂಪಸ್ಸುಗಳು ಹಿಂಬದಿಯಲ್ಲಿ ಒಂದು ಮೂಲೆಯನ್ನು ‘ಸ್ಮೋಕಿಂಗ್ ಝೋನ್’ ಎಂದು ಬಿಟ್ಟುಕೊಟ್ಟು, ಇದೇ ವಾಸ್ತವವಾದಿ ಪರಿಹಾರ ಎನ್ನುತ್ತವೆ. ಅಂಥ ಪ್ರತ್ಯೇಕ ಜಾಗಕ್ಕೆ ಕೇಂದ್ರ ಕಾಯ್ದೆ ಅವಕಾಶ ಕೊಟ್ಟಿರುವುದು ವಿಮಾನ ನಿಲ್ದಾಣಗಳಿಗೆ, ಮೂವತ್ತು ಕೋಣೆಗಳ ಹೋಟೆಲುಗಳಿಗೆ, ಮೂವತ್ತು ಮತ್ತು ಹೆಚ್ಚು ಆಸನಗಳ ರೆಸ್ಟೋರೆಂಟುಗಳಿಗೆ. ಕಾಲೇಜು ಆ ಪಟ್ಟಿಯಲ್ಲಿ ಇಲ್ಲ. ಮೊದಲ ವರ್ಷದ ಹುಡುಗನಿಗೆ ಆ ಮೂಲೆ ಸೀನಿಯರ್‌ಗಳ ಸಂಗ ಸಿಗುವ ಜಾಗವಾಗಿ ಕಾಣುತ್ತದೆ, ಸೇದದವನೂ ಸಂಗಕ್ಕಾಗಿ ಅಲ್ಲಿಗೆ ಹೋಗುತ್ತಾನೆ. ಅದನ್ನು ಮುಚ್ಚಬೇಕು.

ಇನ್ನು ವೇಪ್, ಅಂದರೆ ಇ-ಸಿಗರೇಟು. ಸಿಗರೇಟಿನ ವಾಸನೆ ಶರ್ಟಿಗೆ ಅಂಟುತ್ತದೆ, ವಾರ್ಡನ್ ಮೂಗಿಗೆ ಸಿಗುತ್ತದೆ. ವೇಪ್ ಹಾಗಲ್ಲ. ಪೆನ್ ಡ್ರೈವಿನಂತೆಯೋ ಹೈಲೈಟರ್ ಪೆನ್ನಿನಂತೆಯೋ ಇರುತ್ತದೆ, ಮಾವು, ಪುದೀನಾ, ಕಲ್ಲಂಗಡಿ ಪರಿಮಳ ಒಂದು ನಿಮಿಷದಲ್ಲಿ ಚದುರಿಹೋಗುತ್ತದೆ. ಇದರ ಅತಿ ಪ್ರಸಿದ್ಧ ರೂಪ ಹುಟ್ಟಿದ್ದೂ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿನ್ಯಾಸ ಓದುತ್ತಿದ್ದ ಜೇಮ್ಸ್ ಮೊನ್ಸೀಸ್ ಮತ್ತು ಆಡಮ್ ಬೋವನ್ ಇಬ್ಬರೂ ಸಿಗರೇಟು ಸೇದುತ್ತಿದ್ದರು. ಸೇದಲು ಹೊರಗೆ ಹೋದಾಗಿನ ಮಾತುಕತೆಯಲ್ಲೇ, ಸುಡದೆ ನಿಕೋಟಿನ್ ಕೊಡುವ ಸಾಧನದ ಯೋಚನೆ ಬೆಳೆಯಿತು. 2005ರಲ್ಲಿ ಅದನ್ನು ತಮ್ಮ ಪ್ರೌಢಪ್ರಬಂಧವಾಗಿ ಮಂಡಿಸಿದರು. ಹತ್ತು ವರ್ಷದ ಬಳಿಕ, 2015ರಲ್ಲಿ, ಅದು ‘ಜೂಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಬೆರೆಸಿದ್ದರಿಂದ ಗಂಟಲು ಕೆರೆಯುತ್ತಿರಲಿಲ್ಲ. ಒಂದು ಸಣ್ಣ ಪಾಡ್‌ನಲ್ಲಿ ಸುಮಾರು ಒಂದು ಪ್ಯಾಕ್ ಸಿಗರೇಟಿನಷ್ಟು ನಿಕೋಟಿನ್. ಸಿಗರೇಟು ಬಿಡಿಸಲು ಎಂದು ಹುಟ್ಟಿದ್ದು, ಸಿಗರೇಟನ್ನೇ ಮುಟ್ಟದ ಮಕ್ಕಳ ಕೈಗೆ ಹೋಯಿತು. 2019ರಲ್ಲಿ ಅಮೆರಿಕದ ಹೈಸ್ಕೂಲು ವಿದ್ಯಾರ್ಥಿಗಳಲ್ಲಿ ಶೇ 27.5ರಷ್ಟು ಮಂದಿ ಇ-ಸಿಗರೇಟು ಬಳಸುತ್ತಿದ್ದರು.

ಭಾರತ ಅಲ್ಲಿಯವರೆಗೆ ಕಾಯಲಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟ ನಿಷೇಧಿಸಿತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟುಕೊಂಡರೂ ಆರು ತಿಂಗಳವರೆಗೆ ಜೈಲು. ಇಷ್ಟು ಕಠಿಣ ಕಾನೂನಿದ್ದೂ ಮಹಾನಗರದ ಕಾಲೇಜುಗಳಲ್ಲಿ ವೇಪ್ ಕಾಣಸಿಗುತ್ತದೆ. ಆನ್‌ಲೈನ್ ಗುಂಪುಗಳ ಮೂಲಕ, ವಿದೇಶದಿಂದ ಬಂದವರ ಬ್ಯಾಗುಗಳ ಮೂಲಕ ಬರುತ್ತದೆ. ಮಾರುವವ ಕೆಲವೊಮ್ಮೆ ಅದೇ ಹಾಸ್ಟೆಲಿನ ಇನ್ನೊಬ್ಬ ವಿದ್ಯಾರ್ಥಿ. ಹತ್ತು ತರಿಸಿ ಎಂಟು ಮಾರಿ ಕೈಖರ್ಚು ತೂಗಿಸುವವ. ತಾನು ಮಾಡುತ್ತಿರುವುದು ಜೈಲಿಗೆ ಒಯ್ಯಬಲ್ಲ ಅಪರಾಧ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಪ್ರವೇಶಾತಿಯ ದಿನ ರ‍್ಯಾಗಿಂಗ್ ವಿರುದ್ಧ ಮುಚ್ಚಳಿಕೆ ಬರೆಸಿಕೊಳ್ಳುವ ಕಾಲೇಜು, ಅದೇ ದಿನ ಈ ಒಂದು ಮಾತನ್ನೂ ಹೇಳಬಹುದು.

ಸಿಗರೇಟು, ವೇಪ್ ಎಂದು ಮಾತಾಡುವಾಗ ಬೆಂಗಳೂರಿನ ಕಣ್ಣಿನಿಂದಲೇ ರಾಜ್ಯವನ್ನು ನೋಡುವ ಅಪಾಯವಿದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ದಾಟಿದವರ ಪೈಕಿ ಶೇ 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ 8.8, ಅಗಿಯುವವರು ಶೇ 16.3. ನಮ್ಮ ತಂಬಾಕಿನ ಕಾಟ ಮುಖ್ಯವಾಗಿ ಬಾಯಿಯದು. ಕಡ್ಡಿಪುಡಿ, ಸುಣ್ಣದ ಜೊತೆ ಉಜ್ಜಿದ ತಂಬಾಕು, ಗುಟ್ಕಾ. 2013ರ ಮೇ 31ರಂದು ರಾಜ್ಯ ಸರ್ಕಾರ ಗುಟ್ಕಾ ನಿಷೇಧಿಸಿತು. ಬೇಗನೆ ಜೋಡಿ ಪೊಟ್ಟಣ ಬಂತು: ಒಂದರಲ್ಲಿ ತಂಬಾಕಿಲ್ಲದ ಪಾನ್ ಮಸಾಲೆ, ಇನ್ನೊಂದರಲ್ಲಿ ಬರೀ ತಂಬಾಕು. ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡರೆ ಅದೇ ಗುಟ್ಕಾ. ತರಗತಿಯಲ್ಲಿ ಕೂತು ಕೆನ್ನೆಯೊಳಗೆ ಇಟ್ಟುಕೊಂಡವನಿಗೆ ಹೊಗೆಯೂ ಇಲ್ಲ, ಬೂದಿಯೂ ಇಲ್ಲ. ಕೆಲವು ವರ್ಷಗಳ ಬಳಿಕ ಬಾಯಿ ಎರಡು ಬೆರಳಷ್ಟೂ ತೆರೆಯದೆ ದಂತವೈದ್ಯರ ಮುಂದೆ ಕೂತಾಗಷ್ಟೇ ಗೊತ್ತಾಗುತ್ತದೆ. ಕ್ಯಾಂಪಸ್ ನಿಯಮದಲ್ಲಿ ‘ಧೂಮಪಾನ ನಿಷೇಧ’ ಎಂದಷ್ಟೇ ಬರೆಯುವ ಕಾಲೇಜು ತನ್ನ ಸಮಸ್ಯೆಯ ದೊಡ್ಡ ಪಾಲನ್ನು ಹೊರಗೇ ಬಿಟ್ಟಂತೆ.

ಈ ಬೆಳೆ ನಮ್ಮದೇ ಮಣ್ಣಿನದು ಎಂಬುದನ್ನೂ ಮರೆಯುವಂತಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಬಯಲುಗಳಲ್ಲಿ ಹೊಗೆಸೊಪ್ಪು ಬೆಳೆದು, ಬ್ಯಾರನ್ನಿನಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟು ಹದ ಮಾಡಿ, ಹರಾಜಿಗೆ ಹಾಕಿದ ಹಣದಲ್ಲಿ ಎಷ್ಟೋ ಮಕ್ಕಳು ಮೈಸೂರಿಗೆ ಓದಲು ಬಂದಿದ್ದಾರೆ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬೀಡಿ ಕಟ್ಟಿದ ತಾಯಂದಿರ ದುಡಿಮೆಯಿಂದ ಕಾಲೇಜು ಫೀಸು ಕಟ್ಟಿದ ಮನೆಗಳನ್ನು ಲೆಕ್ಕ ಹಾಕುವುದು ಕಷ್ಟ. ಬೀಡಿ ಕಾರ್ಮಿಕರ ಮಕ್ಕಳಿಗೆಂದೇ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನವಿದೆ. ಆ ರೈತರಿಗೂ ಆ ತಾಯಂದಿರಿಗೂ ಬೇರೆ ದಾರಿ ತೋರಿಸುವ ಹೊಣೆ ಸರ್ಕಾರದ್ದು, ಅದು ಇನ್ನೂ ಬಾಕಿ ಇದೆ. ಆದರೆ ಅವರು ಮಕ್ಕಳನ್ನು ಓದಲು ಕಳಿಸಿದ್ದು ಆ ಎಲೆಯಿಂದ ದೂರ ಹೋಗಲಿ ಎಂದೇ.

ಹಾಗಾದರೆ ಏನು ಮಾಡಬೇಕು? ಕೇಂದ್ರ ಆರೋಗ್ಯ ಸಚಿವಾಲಯ 2019ರಲ್ಲಿ ತಂಬಾಕುಮುಕ್ತ ಶಿಕ್ಷಣ ಸಂಸ್ಥೆಗಳ ಮಾರ್ಗಸೂಚಿ ಕೊಟ್ಟಿದೆ. ಕಾಂಪೌಂಡಿನ ಹೊರ ಅಂಚಿನಿಂದ ನೂರು ಗಜ (ನಮ್ಮ ತಿದ್ದುಪಡಿಯಲ್ಲಿ ಈಗ ನೂರು ಮೀಟರ್) ಅಳೆದು ರಸ್ತೆಯಲ್ಲಿ ಹಳದಿ ಗೆರೆ ಎಳೆಯಿರಿ, ಸಿಬ್ಬಂದಿಯಲ್ಲಿ ಒಬ್ಬರನ್ನು ಉಸ್ತುವಾರಿಗೆ ನೇಮಿಸಿ ಎನ್ನುತ್ತದೆ ಅದು. ಬಹಳ ಕಡೆ ಗೆರೆ ಎಳೆದಿದ್ದೂ ಇಲ್ಲ, ಎಳೆದ ಕಡೆ ಅಂಗಡಿ ಸರಿದಿದ್ದೂ ಇಲ್ಲ. ಗೆರೆ ದಾಟಿದ ಅಂಗಡಿಗೆ ನೋಟಿಸು ಕೊಡಬೇಕಾದವರು ನಗರಸಭೆ, ಪೊಲೀಸರು, ಆರೋಗ್ಯ ಇಲಾಖೆಯವರು. ಪ್ರಾಂಶುಪಾಲರು ಬರೆದು ಕೇಳದಿದ್ದರೆ ಅವರು ಬರುವುದಿಲ್ಲ. ಗೂಡಂಗಡಿಯವರೂ ಬಡವರೇ, ಅವರ ಅಂಗಡಿ ಕಿತ್ತು ಬಿಸಾಡಬೇಕಿಲ್ಲ. ಟೀ, ಬನ್ನು, ಚಿಕ್ಕಿ, ಜೆರಾಕ್ಸು ಅಲ್ಲೇ ನಡೆಯಲಿ. ತಂಬಾಕು ಮಾತ್ರ ಹೋಗಲಿ. ಶಾಲಾ ಮಕ್ಕಳು ಅಂಗಡಿಯವರಿಗೆ ಗುಲಾಬಿ ಕೊಟ್ಟು ಮಾರಬೇಡಿ ಎಂದು ಕೇಳಿಕೊಳ್ಳುವ ಆರೋಗ್ಯ ಇಲಾಖೆಯ ‘ಗುಲಾಬಿ ಆಂದೋಲನ’ ನನಗೆ ಇಷ್ಟ. ಆದರೆ ಗುಲಾಬಿ ಕೊಟ್ಟ ಮಾರನೇ ದಿನವೂ ಮಾರಿದರೆ ದಂಡ ಬೀಳಬೇಕು.

ಸಿಕ್ಕಿಬಿದ್ದ ವಿದ್ಯಾರ್ಥಿಯ ವಿಷಯಕ್ಕೆ ಬಂದರೆ ನಮ್ಮ ಕಾಲೇಜುಗಳ ಕೈ ನೇರ ಅಮಾನತಿಗೆ ಹೋಗುತ್ತದೆ. ಅಪ್ಪನನ್ನು ಕರೆಸಿ ಎಲ್ಲರೆದುರು ಬಯ್ಯಿಸುತ್ತಾರೆ. ಇದರಿಂದ ಚಟ ಬಿಟ್ಟವರು ಇದ್ದಾರೆಯೇ? ಅವಮಾನ ತಿಂದ ಹುಡುಗ ಇನ್ನೂ ದೂರದ ಗಲ್ಲಿ ಹುಡುಕಿಕೊಳ್ಳುತ್ತಾನೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2014ರ ಜನವರಿಯಿಂದ ತನ್ನ ಎಲ್ಲ ಕ್ಯಾಂಪಸ್ಸುಗಳಲ್ಲಿ, ಪಾರ್ಕಿಂಗ್ ಜಾಗವೂ ಸೇರಿ, ಸಿಗರೇಟು, ಇ-ಸಿಗರೇಟು, ಅಗಿಯುವ ತಂಬಾಕು ಎಲ್ಲವನ್ನೂ ನಿಷೇಧಿಸಿದಾಗ ತಿಳಿಹೇಳುವುದಕ್ಕೂ ಬಿಡಿಸಲು ನೆರವಾಗುವುದಕ್ಕೂ ಮೊದಲ ಸ್ಥಾನ ಕೊಟ್ಟಿತು. ಮಾರುವವರ ಮೇಲೆ ಕಾನೂನಿನ ಬಿಗಿ, ಸೇದುವ ಹುಡುಗರ ಮೇಲೆ ಅಕ್ಕರೆ: ನಾನು ಬಯಸುವುದು ಈ ಹಂಚಿಕೆಯನ್ನು. ಕೌನ್ಸೆಲಿಂಗ್ ಕೋಣೆಯ ಬಾಗಿಲು ತೆರೆದಿರಲಿ, ಹೆಸರು ಬರೆದುಕೊಳ್ಳದೆ ಮಾತಾಡಿಸುವ ಒಬ್ಬರು ಅಲ್ಲಿರಲಿ.

ಕಾಲೇಜಿನಲ್ಲಿ ಅಂಥವರು ಇಲ್ಲದಿದ್ದರೂ ನೀವು ಒಬ್ಬಂಟಿಯಲ್ಲ, ಗೆಳೆಯರೇ. ಬಿಡಿ ಸಿಗರೇಟಿನ ಜೊತೆ ನಿಮ್ಮ ಕೈಗೆ ಎಂದೂ ಬಾರದ ಆ ನಂಬರು 1800–11–2356. ಕರೆ ಉಚಿತ. ದಕ್ಷಿಣದ ಕರೆಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕೇಂದ್ರವಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಪುಟ ಓದುತ್ತಿರುವ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ವಾರ್ಡನ್‌ಗಳು ದಯವಿಟ್ಟು ಈ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಸ್ಟೆಲಿನ ಗೋಡೆಗೆ ಅಂಟಿಸಿ.